ಎಪ್ಪತ್ತೊಂಬತ್ತನೇ ಗುಳಿಯ ಉಂಗುರ

ಶೀಲಾವತಿಯಕ್ಕ ಹಾಕಿದ ಕೂಗಿಗೆ ರಾಮಕುಂಜದ ಕಾಗೆಗಳೆಲ್ಲ ಹಾರಿ ಪೆರಾಬೆಗೆ ಹೋಗಿ ಕುಳಿತವು. ಪೆರಾಬೆಯ ಕಾಗೆಗಳು ಜಾಗ ಸಾಲದೆ ಕಡಬಕ್ಕೆ ವಲಸೆ ಹೋದವು. ಈ ಲೆಕ್ಕದಲ್ಲಿ ಒಂದು ಕಾಗೆಯನ್ನೂ ಹೆಚ್ಚಿಗೆ ಸೇರಿಸಿಲ್ಲ.

"ಇದು ನನ್ನ ಉಂಗುರ ಅಲ್ಲ! ನನ್ನದು ಚಿನ್ನದ್ದು ಮಾರಾಯ್ರೆ!"

ಪ್ರೌಢಶಾಲೆಯ ಸಭಾಂಗಣ. ವಿಜ್ಞಾನ ಮೇಳದ ಉದ್ಘಾಟನೆಯ ದೀಪಕ್ಕೆ ಇನ್ನೂ ಎಣ್ಣೆ ಹಾಕಿರಲಿಲ್ಲ. ನಡುವೆ ಎರಡು ಮಂಚದಷ್ಟು ಅಗಲದ ಹಲಸಿನ ಹಲಗೆ. ಅದರಲ್ಲಿ ಆವರ್ತ ಕೋಷ್ಟಕ. ಪುಸ್ತಕದಲ್ಲಿ ಇರುವಂಥದ್ದಲ್ಲ. ಚೆನ್ನೆಮಣೆಯಲ್ಲಿ ಕಾಯಿ ಹಾಕಲು ಗುಳಿ ಕೊರೆಯುತ್ತಾರಲ್ಲ, ಹಾಗೆ ಒಂದೊಂದು ಧಾತುವಿಗೆ ಒಂದೊಂದು ಗುಳಿ. ಒಟ್ಟು ನೂರ ಹದಿನೆಂಟು. ಗುಳಿಯ ಕೆಳಗೆ ಚೀಟಿ: ಹೆಸರು, ಪರಮಾಣು ಸಂಖ್ಯೆ, ಸಾಂದ್ರತೆ. ಗುಳಿಯ ಒಳಗೆ ಸಾಕ್ಷಾತ್ ಆ ಧಾತುವೇ. ಆರರಲ್ಲಿ ತೆಂಗಿನ ಗೆರಟೆಯ ಇದ್ದಿಲು, ಅದು ಇಂಗಾಲ. ಇಪ್ಪತ್ತಾರರಲ್ಲಿ ಮುರಿದ ಕತ್ತಿಯ ಕಬ್ಬಿಣ. ಇಪ್ಪತ್ತೊಂಬತ್ತರಲ್ಲಿ ಗುಜರಿ ಅಂಗಡಿಯ ಸಾಹುಲ್ ಹಮೀದ್ ಕೊಟ್ಟ ತಾಮ್ರದ ತಂತಿ. ನಲವತ್ತೇಳರಲ್ಲಿ ದುಗ್ಗಮ್ಮಜ್ಜಿಯ ಬೆಳ್ಳಿಯ ಕಾಲುಂಗುರ. ಊರಿಗೆ ಊರೇ ತಂದು ಕೊಟ್ಟದ್ದು. ಸಿಗದ ಧಾತುಗಳಿಗೆ ಮಾತ್ರ ಚಿತ್ರ. ಇಂಥ ಕೋಷ್ಟಕ ಪುತ್ತೂರಿನಲ್ಲಿಲ್ಲ, ಸುಳ್ಯದಲ್ಲಿಲ್ಲ, ದೇವೇಂದ್ರನ ಆಸ್ಥಾನದಲ್ಲಿ ಇದ್ದರೆ ಉಂಟು.

ಎಪ್ಪತ್ತೊಂಬತ್ತು ಚಿನ್ನದ ಗುಳಿ. ಅಲ್ಲಿಗೆ ಶೀಲಾವತಿಯಕ್ಕ ಬೆರಳಿನ ಉಂಗುರ ತೆಗೆದು ಕೊಟ್ಟಿದ್ದರು. ಬೆಳಿಗ್ಗೆ ಬಂದು ನೋಡಿದರೆ ಅದೇ ಗುಳಿಯಲ್ಲಿ ಅದೇ ಗಾತ್ರದ ಉಂಗುರ. ಬಣ್ಣ ಮಾತ್ರ ಬಿಳಿ.

ಮುಖ್ಯೋಪಾಧ್ಯಾಯಿನಿ ಮನೋರಮಾ ಟೀಚರ್ ಪೊಲೀಸರಿಗೆ ಫೋನ್ ಮಾಡಿದರು. ಬಂದವರು ಕಡಬ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಜತ್ತಪ್ಪ.

ಜತ್ತಪ್ಪನವರನ್ನು ತಿಳಿಯದವರು ಈ ಮೂರು ತಾಲೂಕಿನಲ್ಲಿ ಇದ್ದರೆ ಅವರು ನಿನ್ನೆ ಹುಟ್ಟಿದವರು. ಸುಳ್ಯ ಕಡೆಯ ಗೌಡರು. ಐವತ್ತು ದಾಟಿದ ಮೀಸೆಯಲ್ಲಿ ಒಂದೇ ಒಂದು ಬಿಳಿ ಕೂದಲಿಲ್ಲ, ಕಾಡಿಗೆಯೇ ನಾಚಬೇಕು. ಕುಂಬ್ರದಲ್ಲಿ ಕಳವಾದ ಬೈಕನ್ನು ಅದರ ಕೆಮ್ಮಿನಿಂದಲೇ ಗುರುತಿಸಿ ಹಿಡಿದವರು. ಕಳ್ಳ ಎದುರಿಗೆ ಬಂದರೆ ಸಾಕು, ಅವರ ಎಡಗಣ್ಣು ಅದುರುತ್ತದೆ. ಒಮ್ಮೆಯೂ ತಪ್ಪಿದ್ದಿಲ್ಲ.

ಆ ದಿನ ಸಭಾಂಗಣದಲ್ಲಿ ಎಡಗಣ್ಣು ಅದುರಲಿಲ್ಲ. ಜತ್ತಪ್ಪನವರಿಗೆ ಕಾಯುವ ತಾಳ್ಮೆ ಇರಲಿಲ್ಲ.

"ಇದು ಎಂತ ಮಾಸ್ಟ್ರೇ?"

ವಿಜ್ಞಾನದ ಮುರಳಿಕೃಷ್ಣ ಮಾಸ್ಟ್ರು ಗುಳಿಯತ್ತ ಬಗ್ಗಿದರು. ಮುಟ್ಟಲಿಲ್ಲ. "ಬೆಳ್ಳಿ. ಯಾರೋ ಚಿನ್ನ ತೆಗೆದು ಬೆಳ್ಳಿ ಇಟ್ಟಿದ್ದಾರೆ."

ವಿಜ್ಞಾನದ ಮಾಸ್ಟ್ರು ಹೇಳಿದ ಮೇಲೆ ಮುಗಿಯಿತು.

"ಹಾಲ್‌ನ ಕೀ ಯಾರ ಹತ್ತಿರ?"

"ಬೀಬಿಯ ಹತ್ತಿರ," ಎಂದರು ಮನೋರಮಾ ಟೀಚರ್. "ಗುಡಿಸುದು, ಬೀಗ ಹಾಕುದು ಎಲ್ಲ ಅವಳೇ. ಆದರೆ ಹದಿನೈದು ವರ್ಷದಿಂದ ಇಲ್ಲಿ ಒಂದು ಚಾಕ್‌ಪೀಸ್..."

ಜತ್ತಪ್ಪ ಪೂರ್ತಿ ಕೇಳಲಿಲ್ಲ. ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಬೀಬಿಯ ಕಡೆ ಕೈ ಚಾಚಿದರು.

"ಬ್ಯಾಗ್ ಕೊಡು."

ಮಕ್ಕಳು, ಟೀಚರುಗಳು, ಆಡಳಿತ ಮಂಡಳಿಯವರು ನೋಡುತ್ತಿದ್ದಂತೆ ಬೀಬಿಯ ಚೀಲ ಮೇಜಿನ ಮೇಲೆ ತಲೆಕೆಳಗಾಯಿತು. ಬುತ್ತಿ. ಬಾಚಣಿಗೆ. ಮಾತ್ರೆಯ ಸ್ಟ್ರಿಪ್. ಕೊನೆಗೆ ಒಂದು ಪ್ಲಾಸ್ಟಿಕ್ ಡಬ್ಬಿ ಬಿದ್ದು ಮುಚ್ಚಳ ತೆರೆದುಕೊಂಡಿತು. ಒಳಗಿಂದ ಒಂದು ಜೊತೆ ಕಟ್ಟಿಸಿದ ಹಲ್ಲು ಹೊರಬಿತ್ತು.

ಕಟ್.

ಮೇಳದ ಫೋಟೋಗೆಂದು ಬೀಬಿ ತಂದಿದ್ದ ಹಲ್ಲು. ಮಕ್ಕಳು ನಕ್ಕರು. ಯಾರೋ ಹಿಂದಿನಿಂದ ಹಲ್ಲು ಕಡಿಯುವ ಸದ್ದು ಮಾಡಿದರು. ಮತ್ತೂ ನಕ್ಕರು. ಉಂಗುರ ಇರಲಿಲ್ಲ.

ಬೀಬಿ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಒಂದೊಂದನ್ನೇ ಹೆಕ್ಕಿ ಚೀಲಕ್ಕೆ ಹಾಕಿಕೊಂಡಳು. ಕೀ ಗೊಂಚಲನ್ನು ಮೇಜಿನ ಮೇಲಿಟ್ಟು ಹೊರಟು ಹೋದಳು.

"ಮೇಳ ಮೂರು ದಿನ ಉಂಟು," ಎಂದರು ಆಡಳಿತ ಮಂಡಳಿಯವರು. "ಮುಗಿಯುವುದರೊಳಗೆ ಉಂಗುರ ಬಂದರೆ ಸರಿ. ಇಲ್ಲವಾದರೆ ಬೀಬಿ ಇನ್ನು ಇಲ್ಲಿಗೆ ಬರುದು ಬೇಡ."

* * *

ಆ ಇಡೀ ದಿನ ಜತ್ತಪ್ಪನವರಿಗೆ ಊರಿನ ಸದ್ದುಗಳೆಲ್ಲ ಒಂದೇ ಆಗಿ ಕೇಳಿದವು. ಹೋಟೆಲಿನಲ್ಲಿ ಗ್ಲಾಸು ಇಟ್ಟರೆ ಕಟ್. ಠಾಣೆಯ ಬಾಗಿಲಿನ ಚಿಲಕ ಕಟ್. ಆಕಾಶದಲ್ಲಿ ನಕ್ಷತ್ರಗಳು ಒಂದಕ್ಕೊಂದು ತಾಗಿದರೂ ಅವರಿಗೆ ಹಲ್ಲಿನ ಸದ್ದೇ ಕೇಳುತ್ತಿತ್ತು.

ಉಂಗುರ ಬೀಬಿಯ ಚೀಲದಲ್ಲಿ ಇರಲಿಲ್ಲ, ಸರಿ. ಹಾಗಾದರೆ ಎಲ್ಲಿ?

ದುಗ್ಗಮ್ಮಜ್ಜಿ ಕೋಲೂರಿಕೊಂಡು ಶಾಲೆಗೆ ಬಂದರು. "ಎಂತ ಜತ್ತಪ್ಪ, ಬೆಳ್ಳಿ ಅಂದರೆ ನನ್ನದೇ ಇರಬೇಕು. ಗುಳಿ ಬದಲಾಯಿಸಿದ್ದಾರೆ. ಕೊಡು ನನ್ನದನ್ನು!"

ಅಜ್ಜಿಯ ಮಾತಿನಲ್ಲಿ ತೂಕ ಉಂಟು ಅನಿಸಿತು. ಕೋಷ್ಟಕದಲ್ಲಿ ಚಿನ್ನದ ನೇರ ಮೇಲಿನ ಗುಳಿಯೇ ಬೆಳ್ಳಿ. ಒಂದರಿಂದ ಒಂದಕ್ಕೆ ಇಳಿಸಿದರೆ ಆಯಿತು. ಹೋಗಿ ನೋಡಿದರು. ಅಜ್ಜಿಯ ಕಾಲುಂಗುರ ತನ್ನ ಗುಳಿಯಲ್ಲೇ ತಣ್ಣಗೆ ಮಲಗಿತ್ತು.

"ಇದು ಇಲ್ಲೇ ಉಂಟಲ್ಲ ಅಜ್ಜಿ."

"ಉಂಟಾ? ಹಾಗಾದರೆ ಇರಲಿ. ಆದರೆ ನನ್ನದರ ಮೇಲೆ ಒಂದು ಕಣ್ಣಿಟ್ಟಿರು. ನೀನು ಹುಡುಕುದು ನೋಡಿದರೆ ನಾಳೆ ಅದೂ ಹೋದೀತು."

ಗುಜರಿ ಸಾಹುಲ್ ಹಮೀದರನ್ನೂ ಕೇಳಿದ್ದಾಯಿತು. ಹಿಂದಿನ ದಿನ ಅವರು ಕುಂಬ್ರದಲ್ಲಿ ಮಗಳ ಮನೆಯಲ್ಲಿದ್ದರು. ಬೆಳ್ಳಿಯ ಉಂಗುರ ಮಾಡಿಸಿದವರು ಪುತ್ತೂರು ಪೇಟೆಯಲ್ಲಿ ಯಾರೂ ಸಿಗಲಿಲ್ಲ.

ಶೀಲಾವತಿಯಕ್ಕ ಮಾತ್ರ ಒಂದೇ ಹಟ. "ದೈವದ ಎದುರು ಪ್ರಮಾಣ ಆಗಲಿ. ಹಾಲ್‌ಗೆ ಹೋದವರೆಲ್ಲ ಬನ್ನಿ."

ಅದನ್ನು ಕೇಳಿ ಮುರಳಿಕೃಷ್ಣ ಮಾಸ್ಟ್ರು ಕೈಯಲ್ಲಿದ್ದ ಕಾಫಿ ಚೆಲ್ಲಿದರು. ಚೆಲ್ಲಿದ ಕಾಫಿಯನ್ನು ಒರೆಸುವಾಗ ಅವರ ಉಂಗುರದ ಬೆರಳಿನ ಬುಡದಲ್ಲಿ ಬಿಳಚಿದ ಪಟ್ಟಿ ಕಂಡಿತು. ಬಹುಕಾಲ ಹಾಕಿದ ಉಂಗುರವನ್ನು ಈಚೆಗೆ ತೆಗೆದ ಗುರುತು. ಜತ್ತಪ್ಪ ನೋಡಿದರು. ಬೆರಳು ಊದಿರಬೇಕು ಅಂದುಕೊಂಡರು. ಮೀಸೆ ತಿರುವಿ ಮುಂದೆ ಹೋದರು.

* * *

ಎರಡನೆಯ ದಿನ ಬೀಬಿಯ ಮನೆಗೆ ಹೋದರು. ಬೀಬಿ ಜಗಲಿಯಲ್ಲಿ ಮೀನು ಕೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ.

"ಬ್ಯಾಗ್ ಒಳಗೆ ಉಂಟು. ತಂದು ಕೊಡಬೇಕಾ ಸಾರ್?"

ಜತ್ತಪ್ಪನವರ ಗಂಟಲಲ್ಲಿ ಒಂದು ಹಲಸಿನ ಹಣ್ಣು ಸಿಕ್ಕಿಕೊಂಡಿತು. ಮುಳ್ಳಿನ ಸಮೇತ.

"ಬ್ಯಾಗ್ ಬೇಡ ಬೀಬಿ. ಒಂದು ವಿಷಯ ಕೇಳುದಿತ್ತು. ಮೇಳದ ಹಿಂದಿನ ಸಂಜೆ ಹಾಲ್‌ಗೆ ಬೀಗ ಹಾಕಿದ್ದು ನೀನೇ ಅಲ್ವಾ?"

"ಅಲ್ಲ."

"ಮತ್ತೆ?"

"ಮುರಳಿ ಮಾಸ್ಟ್ರು. ನಾನು ಗುಡಿಸ್ಲಿಕ್ಕೆ ಹೋದೆ. ಹಲಗೆಯ ಆ ಬದಿ ಗುಡಿಸುದು ಬೇಡ ಅಂದರು. ಕಿಟಕಿ ಎಲ್ಲ ತೆರೆದಿಟ್ಟಿದ್ದರು. ಮಳೆ ಎರಚುತ್ತದೆ ಮಾಸ್ಟ್ರೇ ಅಂದೆ. ಎರಚಲಿ, ನೀನು ಹೋಗು, ಬೀಗ ನಾನು ಹಾಕ್ತೇನೆ ಅಂದರು. ಬೆಳಿಗ್ಗೆ ಕೀ ವಾಪಸ್ ಕೊಟ್ಟರು."

"ಅಯ್ಯೋ, ಅದನ್ನು ಅವತ್ತೇ ಹೇಳ್ಬಾರದಿತ್ತಾ?"

ಬೀಬಿ ಈಗ ತಲೆ ಎತ್ತಿದಳು.

"ನೀವು ಕೇಳಿದ್ರಾ ಸಾರ್? ಬ್ಯಾಗ್ ಕೊಡು ಅಂದ್ರಿ. ಕೊಟ್ಟೆ."

ಹಲಸಿನ ಹಣ್ಣು ಗಂಟಲಿನಿಂದ ಎದೆಗೆ ಇಳಿಯಿತು. ಅಲ್ಲೇ ಕುಳಿತಿತು.

* * *

ಜತ್ತಪ್ಪ ಸಭಾಂಗಣಕ್ಕೆ ಬಂದು, ಬೀಬಿಗೆ ಗುಡಿಸಬೇಡ ಅಂದ ಬದಿಯಲ್ಲಿ ಮಂಡಿಯೂರಿ ಕುಳಿತರು. ಅದು ಚಿನ್ನದ ಗುಳಿ ಇರುವ ಬದಿ. ಪಕ್ಕದಲ್ಲಿ ಎಂಬತ್ತರ ಗುಳಿ. ಖಾಲಿ. ಚೀಟಿಯಲ್ಲಿ 'ಪಾದರಸ. ಚಿತ್ರ ಮಾತ್ರ' ಎಂದಿತ್ತು. ಉಳಿದ ಚೀಟಿಗಳ ಅಂಚು ಒಣಗಿ ಸುರುಟಿತ್ತು. ಈ ಚೀಟಿ ಮಾತ್ರ ಹೊಸತು. ಮತ್ತೆ, ಚಿತ್ರ ಅಂತ ಬರೆದವರು ಚಿತ್ರವನ್ನೇ ಇಟ್ಟಿರಲಿಲ್ಲ.

ಎರಡು ಗುಳಿಗಳ ನಡುವಿನ ಬಿರುಕಿನಲ್ಲಿ ಏನೋ ಮಿನುಗಿತು. ಸಾಸಿವೆಯಷ್ಟು. ಹೆಕ್ಕಲು ಹೋದರು. ಜಾರಿತು. ಉಂಗುರದ ಬೆರಳಲ್ಲಿ ಒತ್ತಿದರು. ಒಂದು ಇದ್ದದ್ದು ಎರಡಾಯಿತು. ಮತ್ತೆ ಒತ್ತಿದರು. ಒಂದು ಬಿರುಕಿನೊಳಗೆ ಓಡಿತು, ಇನ್ನೊಂದು ಎಲ್ಲಿ ಹೋಯಿತೋ ಕಾಣಲಿಲ್ಲ. ಮೂರು ತಾಲೂಕಿನ ಕಳ್ಳರನ್ನು ಹಿಡಿದ ಕೈಗೆ ಸಾಸಿವೆ ಕಾಳಿನಷ್ಟು ಚಿಕ್ಕದೊಂದು ಸಿಗಲಿಲ್ಲ.

ಊಟಕ್ಕೆ ಮನೆಗೆ ಹೋದರು. ಅನ್ನ ಬಡಿಸುತ್ತಿದ್ದ ಹೆಂಡತಿ ಭವಿತಾ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಉಂಗುರ ಎಂತ ಆಯ್ತು?"

ಜತ್ತಪ್ಪ ಕೈ ನೋಡಿಕೊಂಡರು. ಮದುವೆಯ ಉಂಗುರದ ಅರ್ಧ ಭಾಗ ಬೆಳ್ಳಗೆ ಹೊಳೆಯುತ್ತಿತ್ತು.

"ಏನೂ ಆಗ್ಲಿಲ್ಲ ಮಾರಾಯ್ತಿ, ಬೆಳಿಗ್ಗೆ..."

"ಚಿನ್ನ ಮಾರಿ ಚಿನ್ನದ ನೀರು ಕೊಟ್ಟ ತಗಡಿನ ಉಂಗುರ ಹಾಕಿಕೊಂಡು ಬಂದಿದ್ದೀರಿ. ನಂಗೆ ಎಲ್ಲ ಗೊತ್ತುಟ್ಟು!" ಸಿಟ್ಟು ನೆತ್ತಿಗೇರಿದರೆ ಮಾತ್ರ ಭವಿತಾಳ ಬಾಯಲ್ಲಿ ಸುಳ್ಯ ಕಡೆಯ ಅರೆಭಾಷೆ ಬರುತ್ತದೆ. "ಕಿಸೆ ತೋರಿಸಿ!"

"ನಾನು ಪೊಲೀಸ್..."

"ಪೊಲೀಸರಿಗೆ ಕಿಸೆ ಇಲ್ವಾ?"

ಕಿಸೆಗಳು ಒಂದೊಂದಾಗಿ ಹೊರಗೆ ಬಂದವು. ಬಸ್ ಟಿಕೆಟು, ಲವಂಗ, ಬೈಕಿನ ಕೀ. ತಪ್ಪು ಮಾಡದ ಜತ್ತಪ್ಪ ತಪ್ಪು ಮಾಡಿದವರ ಹಾಗೆ ಕೈ ಎತ್ತಿ ನಿಂತರು. ನಿರಪರಾಧಿ ಅಂತ ಹೇಳಲು ಬಾಯಿ ತೆರೆದರು. ಹೇಳಿದರೆ ನಂಬುವ ಮುಖ ಎದುರಿಗೆ ಇರಲಿಲ್ಲ. ಹೀಗೆ ನಿಂತವರ ಎದುರು ತಾವು ಎಷ್ಟೋ ಸಲ ನಿಂತಿದ್ದರು. ಈ ಬದಿಯಿಂದ ನೋಡಿದ್ದು ಇದೇ ಮೊದಲು.

ಭವಿತಾ ಉಂಗುರವನ್ನು ಬೆರಳಿನಿಂದ ಎಳೆದು ತೆಗೆದು, ತರಕಾರಿ ಕೊಯ್ಯುವ ಚೂರಿಯಿಂದ ಬಿಳಿಯ ಜಾಗದಲ್ಲಿ ಒಮ್ಮೆ ಗೀರಿದಳು.

"ನೋಡಿ! ಒಳಗೆ ತಗಡು ಇಲ್ಲದಿದ್ದರೆ..."

ನಿಲ್ಲಿಸಿದಳು. ಬಿಳಿಯ ಕೆಳಗೆ ಹಳದಿ ಗೆರೆ. ಅಪ್ಪಟ ಚಿನ್ನ.

"ಇದು ಎಂತ?"

ಜತ್ತಪ್ಪ ಅನ್ನ ಬಿಟ್ಟು ಎದ್ದರು. ಸಾಬೂನು ಹಾಕಿ ಮೊಣಕೈಯವರೆಗೆ ಕೈ ತೊಳೆದರು. ಎಪ್ಪತ್ತೊಂಬತ್ತರ ಪಕ್ಕ ಎಂಬತ್ತು. ಚಿನ್ನದ ಪಕ್ಕ ಪಾದರಸ.

"ಭವಿತಾ, ನೀನು ಈಗ ಹಿಡಿದದ್ದು ಕಡಬ ಠಾಣೆ ಎರಡು ದಿನದಿಂದ ಹುಡುಕಿದ್ದನ್ನು."

"ಅನ್ನ ತಣಿಯುತ್ತದೆ."

* * *

ಮೂರನೆಯ ದಿನ ಮಧ್ಯಾಹ್ನ. ಮೇಳದ ಸಮಾರೋಪ. ಬೀಬಿಯ ಚೀಲ ಸುರಿದಾಗ ಯಾರೆಲ್ಲ ನಿಂತಿದ್ದರೋ ಅವರೆಲ್ಲರನ್ನೂ ಸಭಾಂಗಣಕ್ಕೆ ಕರೆಸಲಾಗಿತ್ತು. ಕಿಟಕಿಗಳನ್ನೆಲ್ಲ ತೆರೆಸಿದ್ದರು. ಬೀಬಿಯ ಮನೆಗೆ ಜತ್ತಪ್ಪ ತಾವೇ ಹೋಗಿ ಹೇಳಿ ಬಂದಿದ್ದರು. "ಬರುದಿಲ್ಲ," ಎಂದಿದ್ದಳು. ಆದರೂ ಬಾಗಿಲಿನ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಅವಳ ಸೀರೆಯ ಅಂಚು ಕಾಣುತ್ತಿತ್ತು.

"ಅಕ್ಕ, ನಿಮ್ಮ ಉಂಗುರದ ತೂಕ ಎಷ್ಟು?"

"ಸರಿಯಾಗಿ ಒಂದು ಪವನ್. ಎಂಟು ಗ್ರಾಂ," ಎಂದರು ಶೀಲಾವತಿಯಕ್ಕ.

"ಗುಳಿಯಲ್ಲಿ ಸಿಕ್ಕಿದ ಬಿಳಿ ಉಂಗುರ ನಿಮ್ಮ ಬೆರಳಿನ ಅಳತೆಯದ್ದೇ?"

"ಹೌದು. ಅಳತೆ ನೋಡಿಯೇ ಮಾಡಿಸಿದ್ದಾನೆ ಕಳ್ಳ!"

ಜತ್ತಪ್ಪ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಿಳಿ ಉಂಗುರವನ್ನು ಶಾಲೆಯ ತಕ್ಕಡಿಯಲ್ಲಿ ಇಟ್ಟರು. ಮನೋರಮಾ ಟೀಚರ್ ಓದಿದರು. "ಎಂಟು ಗ್ರಾಂ. ಮೇಲೆ ಒಂದು ಚೂರು."

"ಈಗ ಆ ಎರಡು ಚೀಟಿ ಓದಿ ಟೀಚರ್. ನಲವತ್ತೇಳು ಮತ್ತು ಎಪ್ಪತ್ತೊಂಬತ್ತು. ಸಾಂದ್ರತೆ ಮಾತ್ರ."

"ಬೆಳ್ಳಿ, ಹತ್ತೂವರೆ. ಚಿನ್ನ, ಹತ್ತೊಂಬತ್ತು ಪಾಯಿಂಟ್ ಮೂರು."

"ಅಂದರೆ ಒಂದೇ ಗಾತ್ರ ಆದರೆ ಬೆಳ್ಳಿ ಚಿನ್ನದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅಷ್ಟೆ. ಅಕ್ಕನ ಬೆರಳಿನ ಅಳತೆಗೆ ಬೆಳ್ಳಿಯದ್ದು ಮಾಡಿದರೆ ಐದು ಗ್ರಾಂ ಕೂಡ ಬಾರದು. ಇದು ಎಂಟರ ಮೇಲೆ ಉಂಟು. ಚಿನ್ನ ಕದ್ದು ಅದಕ್ಕಿಂತ ಭಾರದ್ದನ್ನು ಇಟ್ಟು ಹೋಗುವ ಕಳ್ಳ ನನ್ನ ಸರ್ವೀಸಿನಲ್ಲಿ ಸಿಕ್ಕಿಲ್ಲ. ಅಕ್ಕ, ಒಂದು ಗೀರು ಹಾಕಲಾ?"

ಶೀಲಾವತಿಯಕ್ಕ ತಲೆಯಾಡಿಸಿದರು. ಜತ್ತಪ್ಪ ಬೈಕಿನ ಕೀಯಿಂದ ಗೀರಿದರು. ಹಳದಿ ಗೆರೆ ಎದ್ದು ಬಂತು. ಸಭಾಂಗಣ ಒಟ್ಟಿಗೆ ಉಸಿರೆಳೆದುಕೊಂಡ ರಭಸಕ್ಕೆ ಕಿಟಕಿಯ ಪರದೆಗಳು ಒಳಗೆ ಹಾರಿದವು.

"ಇದು ನಿಮ್ಮದೇ ಉಂಗುರ. ಗುಳಿ ಬಿಟ್ಟು ಎಲ್ಲಿಗೂ ಹೋಗಿಲ್ಲ. ಪಾದರಸ ಚಿನ್ನವನ್ನು ಮುಟ್ಟಿದರೆ ಅದರೊಳಗೆ ಸೇರಿಕೊಂಡು ಬೆಳ್ಳಗೆ ಮಾಡುತ್ತದೆ. ಪಾದರಸ ಸೇರಿದ್ದಕ್ಕೇ ತೂಕ ಒಂದು ಚೂರು ಏರಿದ್ದು. ನನಗೆ ಹೇಗೆ ಗೊತ್ತು ಅಂತೀರಾ?" ಅರ್ಧ ಬೆಳ್ಳಗಾದ ತಮ್ಮ ಉಂಗುರವನ್ನು ಎತ್ತಿ ತೋರಿಸಿದರು. "ಪರಮಾಣು ಸಂಖ್ಯೆ ಎಪ್ಪತ್ತೊಂಬತ್ತರ ಪಕ್ಕ ಎಂಬತ್ತು. ಪೆಟ್ಟಿಗೆ ಮಾಡಿದ್ದರೆ ನಡುವೆ ಗೋಡೆ ಇರುತ್ತಿತ್ತು. ನಾವು ಚೆನ್ನೆಮಣೆ ಮಾಡಿದೆವು. ಒಂದು ಗುಳಿಯಲ್ಲಿ ಚೆಲ್ಲಿದ್ದು ಪಕ್ಕದ ಗುಳಿಗೆ ಹರಿಯಿತು."

"ಆದರೆ ಪಾದರಸ ಎಲ್ಲಿಂದ ಬಂತು?" ಮನೋರಮಾ ಟೀಚರ್ ಸ್ವರ ಏರಿಸಿದರು. "ಶಾಲೆಗೆ ಪಾದರಸ ತರಲೇಬಾರದು ಅಂತ ನಾನು ಕಟ್ಟುನಿಟ್ಟಾಗಿ ಹೇಳಿದ್ದೆ. ಅದಕ್ಕೇ ಚಿತ್ರ ಮಾತ್ರ ಅಂತ..."

"ಆ ಚೀಟಿ ಆಮೇಲೆ ಅಂಟಿಸಿದ್ದು ಟೀಚರ್." ಜತ್ತಪ್ಪ ತಿರುಗಿದರು. "ಮಾಸ್ಟ್ರೇ, ನಿಮ್ಮ ಉಂಗುರ ಎಲ್ಲಿ?"

ಮುರಳಿಕೃಷ್ಣ ಮಾಸ್ಟ್ರು ಕೈಯನ್ನು ಹಿಂದೆ ಸರಿಸಿದರು. ಆಮೇಲೆ ನಿಧಾನವಾಗಿ ಕಿಸೆಯಿಂದ ಉಂಗುರ ತೆಗೆದರು. ಹಳದಿ ಹಳದಿ. ಒಂದು ಚುಕ್ಕಿ ಬಿಳಿ ಇಲ್ಲ.

"ಪಾದರಸದ ಬಾಟಲಿ ಮುಟ್ಟುವ ಮೊದಲು ನಿಮ್ಮ ಉಂಗುರ ತೆಗೆದಿಟ್ಟುಕೊಂಡಿರಿ. ಏನಾಗುತ್ತದೆ ಅಂತ ನಿಮಗೆ ಗೊತ್ತಿತ್ತು. ಅಕ್ಕನದ್ದನ್ನು ಪಕ್ಕದ ಗುಳಿಯಲ್ಲೇ ಬಿಟ್ಟಿರಿ. ಚೆಲ್ಲಿದ ಮೇಲೆ ಕಿಟಕಿ ತೆರೆದಿರಿ. ಬೀಬಿಗೆ ಆ ಬದಿ ಗುಡಿಸಬೇಡ ಅಂದಿರಿ. ಬೆಳಿಗ್ಗೆ ಉಂಗುರ ಮುಟ್ಟದೆ, ದೂರದಿಂದಲೇ, ಬೆಳ್ಳಿ ಅಂದಿರಿ."

ಮಾಸ್ಟ್ರು ಗೋಡೆಗೆ ಒರಗಿದರು.

"ಬೇಡದ ಬಿ.ಪಿ. ಯಂತ್ರ ಒಂದಿತ್ತು, ಪಾದರಸದ್ದು. ಅದರಿಂದ ತೆಗೆದೆ. ಊರಲ್ಲಿ ಸಿಗುವ ಲೋಹ ಎಲ್ಲ ಉಂಟು, ಇದೊಂದು ಚಿತ್ರ ಆಗುದು ಹೇಗೆ ಅನಿಸಿತು. ಬಾಟಲಿಗೆ ಮುಚ್ಚಳ ಇರಲಿಲ್ಲ, ಹತ್ತಿ ತುರುಕಿದ್ದೆ. ಅದು ಮಗುಚಿತು. ಉಂಗುರವನ್ನು ಬೆಳಿಗ್ಗೆ ಬೇಗ ಬಂದು ಲ್ಯಾಬಿನಲ್ಲಿ ಶುದ್ಧ ಮಾಡಿ ಮತ್ತೆ ಇಡಬೇಕು ಅಂತಿದ್ದೆ. ಅಷ್ಟರಲ್ಲಿ ಅಕ್ಕ ಬಂದರು. ನೀವು ಕೇಳಿದಿರಿ. ಬಾಯಿಗೆ ಬಂದದ್ದು ಬೆಳ್ಳಿ." ಬಾಗಿಲಿನ ಕಡೆ ನೋಡಲು ಹೋಗಿ ನೋಡದೆ ಉಳಿದರು. "ಬೀಬಿಯ ಚೀಲ ಸುರಿದಾಗ ಹೇಳಬೇಕಿತ್ತು. ಆ ಹಲ್ಲು ಬಿದ್ದ ಮೇಲೆ ನನ್ನ ಬಾಯಿ ಏಳಲಿಲ್ಲ."

"ಅಯ್ಯೋ ಪಾಪಿ!" ಎಂದರು ದುಗ್ಗಮ್ಮಜ್ಜಿ. "ಅಷ್ಟು ಓದಿ..."

"ನಿಲ್ಲಿ ಅಜ್ಜಿ. ಮುಗಿದಿಲ್ಲ." ಜತ್ತಪ್ಪನವರ ಸ್ವರದಲ್ಲಿ ಮೂರು ತಾಲೂಕಿನ ಗತ್ತು ಇರಲಿಲ್ಲ. "ಉಂಗುರ ಕಳವಾಗಿಲ್ಲ. ಬೀಬಿಯ ಮರ್ಯಾದೆ ಕಳವಾದದ್ದು ಹೌದು. ಮಾಸ್ಟ್ರು ಸುಳ್ಳು ಹೇಳಿದರು. ಆದರೆ ಕೈ ಹಾಕಿ ಸುರಿದದ್ದು ಅವರಲ್ಲ. ಒಂದು ಪ್ರಶ್ನೆ ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಕೇಳದವನು ನಾನು."

ತಮ್ಮ ಹೆಗಲಿನ ಚೀಲ ತೆಗೆದರು. ಅದೇ ಮೇಜು. ಅದೇ ಜನ. ಚೀಲವನ್ನು ತಲೆಕೆಳಗೆ ಮಾಡಿದರು.

ನೀರಿನ ಬಾಟಲಿ. ಟಾರ್ಚು. ಕರವಸ್ತ್ರ. ಒಂದು ಸಣ್ಣ ಕನ್ನಡಿ. ಬಳಸಿದ ಹಲ್ಲುಜ್ಜುವ ಬ್ರಶ್ಶು, ತುದಿ ಕಪ್ಪು. ಕೊನೆಗೆ ನಾಲ್ಕು ಪೊಟ್ಟಣ ಮೀಸೆಗೆ ಹಚ್ಚುವ ಕಪ್ಪು ಬಣ್ಣ.

ಮೊದಲು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರುಗಳು ಸೆರಗಿನಲ್ಲಿ ನಕ್ಕರು. ದುಗ್ಗಮ್ಮಜ್ಜಿ ಕೋಲು ಬಡಿದು ನಕ್ಕರು. ಆ ನಗು ಪೆರಾಬೆಗೆ ಹೋಗಿದ್ದ ಕಾಗೆಗಳಿಗೂ ಕೇಳಿಸಿರಬೇಕು. ಜತ್ತಪ್ಪ ಕೈ ಇಳಿಬಿಟ್ಟು ನಿಂತರು. ಮೀಸೆ ಮುಟ್ಟಿಕೊಳ್ಳಲಿಲ್ಲ.

ಬೀಬಿ ಒಳಗೆ ಬಂದಳು. ನಗಲಿಲ್ಲ. ಮೇಜಿನ ಬಳಿ ನಿಂತು ಟಾರ್ಚನ್ನು ಹೆಕ್ಕಿ ಚೀಲಕ್ಕೆ ಹಾಕಿದಳು. ಬಾಟಲಿ ಹಾಕಿದಳು. ಕನ್ನಡಿಯನ್ನು ಒಡೆಯದ ಹಾಗೆ ಕರವಸ್ತ್ರದಲ್ಲಿ ಸುತ್ತಿದಳು. ಬಣ್ಣದ ಪೊಟ್ಟಣಗಳನ್ನು ಮಕ್ಕಳಿಗೆ ಕಾಣದಂತೆ ಅಡಿಯಲ್ಲಿ ಇಟ್ಟಳು. ನಗು ಒಂದೊಂದೇ ಬಾಯಿಂದ ಕಳಚಿ ನಿಂತಿತು.

ಚೀಲವನ್ನು ಜತ್ತಪ್ಪನವರ ಕೈಗೆ ಕೊಟ್ಟಳು.

"ಅವತ್ತು ನನ್ನದನ್ನು ನಾನೇ ಹೆಕ್ಕಿದ್ದು ಸಾರ್."

ಮೇಜಿನ ಮೇಲಿದ್ದ ಕೀ ಗೊಂಚಲನ್ನು ಮನೋರಮಾ ಟೀಚರ್ ಎರಡೂ ಕೈಯಲ್ಲಿ ಎತ್ತಿ ಅವಳೆದುರು ಹಿಡಿದರು. ಬೀಬಿ ಕೂಡಲೇ ತೆಗೆದುಕೊಳ್ಳಲಿಲ್ಲ.

ಜತ್ತಪ್ಪನವರ ಎಡಗಣ್ಣು ಅದುರತೊಡಗಿತು. ಮೂರು ದಿನದಲ್ಲಿ ಮೊದಲ ಸಲ. ಕಳ್ಳ ಎದುರಿಗೆ ಇದ್ದಾನೆ ಅಂತ ನೋಡಿದರೆ ಎದುರಿಗೆ ಇದ್ದದ್ದು ಕಿಟಕಿಯ ಗಾಜು. ಅದರಲ್ಲಿ, ಚೀಲ ಎದೆಗೊತ್ತಿಕೊಂಡು, ಕಪ್ಪು ಮೀಸೆಯ ಒಬ್ಬ ಪೊಲೀಸು ನಿಂತಿದ್ದ.

ಆ ಕಣ್ಣು ಒಮ್ಮೆಯೂ ತಪ್ಪಿದ್ದಿಲ್ಲ.